ಎರೆಹುಳು ಕಂಡರೆ ‘ಇಶ್ಶಿ’ ಎನ್ನುವ ಮಕ್ಕಳಿಗೆ ಪಾಠ ಹೇಗೆ?

ಪ್ರಶ್ನೆ: ಐದನೇ ತರಗತಿಗೆ ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಶಾಲೆಯ ಕೈತೋಟದಿಂದ ಎರೆಹುಳು ತಂದು ತೋರಿಸಿದರೆ ಅರ್ಧಕ್ಕರ್ಧ ಮಕ್ಕಳು ‘ಇಶ್ಶಿ’ ಎಂದು ಹಿಂದೆ ಸರಿಯುತ್ತಾರೆ. ಒಂದು ಸಲ ಮುಟ್ಟಿಸಿಬಿಟ್ಟರೆ ಸರಿಹೋಗುತ್ತದೆಯೇ?
– ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ದಯವಿಟ್ಟು ಕೈಹಿಡಿದು ಮುಟ್ಟಿಸಬೇಡಿ. ಬಲವಂತ ಮಾಡಿದರೆ ಹೇಸಿಗೆಯ ಜೊತೆಗೆ ಭಯವೂ ಸೇರಿಕೊಳ್ಳುತ್ತದೆ. ಮೊದಲ ಎರಡು ವಾರ ಹುಳು ಬಾಟಲಿಯೊಳಗೇ ಇರಲಿ.

2 ಲೀಟರಿನ ಪಾರದರ್ಶಕ ಬಾಟಲಿಯ ಕುತ್ತಿಗೆ ಕತ್ತರಿಸಿ, ಅಂಚಿಗೆ ಟೇಪು ಸುತ್ತಿ, ತಳಕ್ಕೆ ನಾಲ್ಕೈದು ಸಣ್ಣ ತೂತು ಹಾಕಿ. ತೋಟದ ಮಣ್ಣು, ಮರಳು, ಮತ್ತೆ ಮಣ್ಣು ಹೀಗೆ 3–4 ಸೆಂ.ಮೀ. ಪದರಗಳನ್ನು ತುಂಬಿ, ಮೇಲೆ ಒಣ ಎಲೆ ಹರಡಿ ನಾಲ್ಕೈದು ಹುಳು ಬಿಡಿ. ಬಾಯಿಗೆ ತೆಳುಬಟ್ಟೆ ಕಟ್ಟಿ, ಸುತ್ತ ಕಪ್ಪು ಕಾಗದ ಸುತ್ತಿ ನೆರಳಲ್ಲಿಡಿ. ಕಾಗದ ಮರೆತರೆ ಬೆಳಕಿಗೆ ಹೆದರಿ ಹುಳು ನಡುವಿನಲ್ಲೇ ಅಡಗುತ್ತವೆ, ಮಕ್ಕಳಿಗೆ ಏನೂ ಕಾಣುವುದಿಲ್ಲ. ಎರೆಗೊಬ್ಬರದ ತೊಟ್ಟಿಯ ಹುಳು ಬೇಡ; ಅವು ಮೇಲ್ಪದರದಲ್ಲೇ ಇರುವ ಜಾತಿ, ಸುರಂಗ ಕೊರೆಯುವುದು ಕಡಿಮೆ. ತೋಟದ ಮಣ್ಣು ಅಗೆದೇ ತನ್ನಿ.

ಎಲ್ಲರೂ ತಪ್ಪುವುದು ನೀರಿನಲ್ಲಿ. ಮಣ್ಣು ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ಸಾಕು. ಹೆಚ್ಚಾದರೆ ಗಾಳಿಯಾಡದೆ ನಾರುತ್ತದೆ, ಆ ವಾಸನೆಗೆ ಮಕ್ಕಳು ಮತ್ತೆ ದೂರ ಸರಿಯುತ್ತಾರೆ.

ಹತ್ತಿರ ಬರಲಾಗದ ಮಗುವಿಗೂ ಒಂದು ಕೆಲಸ ಕೊಡಿ: ನೀರು ಚಿಮುಕಿಸುವುದು, ಪದರ ಎಷ್ಟು ಕಲೆತಿದೆ ಎಂದು ಸ್ಕೇಲಿನಲ್ಲಿ ಅಳೆದು ಬರೆಯುವುದು.

ಮೂರನೇ ವಾರ ಒಂದು ಹುಳುವನ್ನು ಒರಟು ಕಾಗದದ ಮೇಲೆ ಬಿಟ್ಟು, ಎಲ್ಲರೂ ಸದ್ದಿಲ್ಲದೆ ಕಿವಿಗೊಡಲಿ. ಸಣ್ಣಗೆ ಪರಪರ ಎನ್ನುತ್ತದೆ. ಮೈಯಡಿಯ ಬಿರುಗೂದಲು ಕಾಗದಕ್ಕೆ ಕೆರೆಯುವ ಸದ್ದು ಅದು. ಮೆತ್ತಗಿನ ಹುಳುವಿಗೆ ಕೂದಲೇ ಎಂದು ಮಕ್ಕಳು ತಾವಾಗಿಯೇ ಬಗ್ಗಿ ನೋಡುತ್ತಾರೆ. ಲೋಳೆಯ ಮಾತು ತೆಗೆಯಲು ಇದೇ ಸಮಯ: ಎರೆಹುಳುವಿಗೆ ಶ್ವಾಸಕೋಶವಿಲ್ಲ, ಅದು ಚರ್ಮದಿಂದಲೇ ಉಸಿರಾಡುತ್ತದೆ, ಚರ್ಮ ಒಣಗಿದರೆ ಸಾಯುತ್ತದೆ. ‘ಗಲೀಜು’ ಎಂದ ಲೋಳೆ ಅದರ ಉಸಿರು ಕಾಯುವ ಪಸೆ ಎಂದು ತಿಳಿದಮೇಲೆ ಮುಟ್ಟುವುದು ಎಷ್ಟೋ ಸುಲಭ.

ಮುಟ್ಟುವ ಮುನ್ನ ಕೈಯನ್ನು ಬರೀ ನೀರಿನಲ್ಲಿ ಒದ್ದೆ ಮಾಡಿಕೊಳ್ಳಲಿ. ಒಣ ಕೈ, ಬೆವರಿನ ಉಪ್ಪು ಎರಡೂ ಹುಳುವಿಗೆ ಹಿಂಸೆ. ಮೊದಲು ಒದ್ದೆ ಎಲೆಯ ಮೇಲೆ, ಆಮೇಲೆ ಒಂದು ಬೆರಳು, ಇಷ್ಟವಿದ್ದರೆ ಅಂಗೈ, ಅದೂ ಒಂದೆರಡು ನಿಮಿಷ. ಕೈಗೆ ಗಾಯವಾದವರು ಮುಟ್ಟುವುದು ಬೇಡ, ಉಳಿದವರು ಕೊನೆಗೆ ಸೋಪಿನಿಂದ ಕೈ ತೊಳೆಯಲಿ. ಪಾಠ ಮುಗಿದ ದಿನ ಸಂಜೆ ತಂಪಿನಲ್ಲಿ, ಅಗೆದ ಜಾಗದಲ್ಲೇ ಹುಳು ಬಿಟ್ಟು ಮೇಲೆ ಒಣ ಎಲೆ ಮುಚ್ಚಿ.