ಖಾಲಿ ಡಬ್ಬಿ ಕೊಡಲು ನಾಚಿಕೆ

"ಅಕ್ಕಾ, ನನಗೆ 38 ವರ್ಷ. ಲಗ್ಗೆರೆಯಲ್ಲಿ ಬಾಡಿಗೆ ಮನೆ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. ಯಜಮಾನರು ಆಟೊ ಓಡಿಸುತ್ತಾರೆ. ಮೂರು ತಿಂಗಳ ಹಿಂದೆ ರಸ್ತೆಗುಂಡಿಗೆ ಚಕ್ರ ಇಳಿದು ಆಟೊ ಮಗುಚಿತು, ಅವರ ಬಲಗೈ ಮುರಿಯಿತು. ಆಪರೇಷನ್ ಆಗಿದೆ, ಆದರೂ ಹ್ಯಾಂಡಲ್ ಹಿಡಿಯಲು ಆಗುತ್ತಿಲ್ಲ. ಆಟೊ ಸಾಲದ ಕಂತು, ಇಬ್ಬರು ಮಕ್ಕಳ ಫೀಸು, ಬಾಡಿಗೆ, ಎಲ್ಲ ನನ್ನ ಸಂಬಳದಲ್ಲೇ ಆಗಬೇಕು. ಮೇಲಿನ ಮನೆ ಆಂಟಿ ವಾರಕ್ಕೆ ಮೂರ್ನಾಲ್ಕು ಸಲ ಡಬ್ಬಿಯಲ್ಲಿ ಸಾರು, ಪಲ್ಯ ಕಳಿಸುತ್ತಾರೆ. ನಮ್ಮತ್ತೆ, 'ದೇವರೇ ಕಳಿಸಿದ್ದು, ಕೈ ಮುಗಿ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?' ಅಂತಾರೆ. ನನಗೆ ಮೈ ಉರಿಯುತ್ತದೆ. ಸಾರು ಕಳಿಸೋ ದೇವರಿಗೆ ಆ ಗುಂಡಿ ಕಾಣಲಿಲ್ವಾ? ಒಂದು ತಿಂಗಳಿಂದ ದೀಪ ಹಚ್ಚಿಲ್ಲ. ಖಾಲಿ ಡಬ್ಬಿಯನ್ನು ಮಗಳ ಕೈಲಿ ವಾಪಸ್ ಕಳಿಸುತ್ತೇನೆ, ಆಂಟಿ ಮುಖ ನೋಡಲು ಆಗುವುದಿಲ್ಲ. ನನಗೆ ಉಪಕಾರ ಸ್ಮರಣೆಯೇ ಇಲ್ಲವಾ?"
— ಹೆಸರು ಬೇಡ, ಲಗ್ಗೆರೆ

ಅಕ್ಕಾ ಅಂತ ಕರೆದಿದ್ದೀರಿ, ಹಾಗಾಗಿ ನಾನೂ ತಂಗಿ ಅನ್ನುತ್ತೇನೆ.

ತಂಗಿ, ಉಪಕಾರ ಸ್ಮರಣೆ ಇಲ್ಲದವರಿಗೆ ಖಾಲಿ ಡಬ್ಬಿ ಕಂಡರೆ ನಾಚಿಕೆ ಆಗುವುದಿಲ್ಲ. ತಿಂದು, ತೊಳೆದು, ಮರೆತುಬಿಡುತ್ತಾರೆ. ನಿಮಗೆ ಆ ಸ್ಟೀಲ್ ಡಬ್ಬಿ ರಾತ್ರಿಯೆಲ್ಲ ಕಣ್ಣಿಗೆ ಚುಚ್ಚುತ್ತಿದೆ ಅಂದರೆ ಋಣ ನಿಮಗೆ ಚೆನ್ನಾಗಿ ಗೊತ್ತಿದೆ. ನಿಮಗೆ ಸಿಟ್ಟು ಬಂದಿದೆ, ಅಷ್ಟೇ.

ಸಿಟ್ಟು ಬರಲಿ ಬಿಡಿ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಆಗುತ್ತದಲ್ಲ, ಅದರ ಕಥೆ ಕೇಳಿದ್ದೀರಾ? ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಕಡೆ ಆಗ ಎಲ್ಲ ಕಡಲೆಕಾಯಿ ಹೊಲ. ರಾತ್ರಿಯಾದರೆ ಒಂದು ಬಸವ ನುಗ್ಗಿ ಬೆಳೆ ಮೇಯುತ್ತಿತ್ತಂತೆ. ರೈತರು ಕಾದು ಕೂತು, ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋದರಂತೆ. ಗುಡ್ಡದ ಮೇಲೆ ಹೋದ ಬಸವ ಅಲ್ಲೇ ಕಲ್ಲಾಗಿ ಕೂತಿತಂತೆ. ಆಮೇಲೆ ಗುಡಿ ಕಟ್ಟಿಸಿದರು, ಮೊದಲ ಬೆಳೆ ಅದಕ್ಕೇ ಒಪ್ಪಿಸತೊಡಗಿದರು. ಬೆಳೆ ತಿಂದ ಬಸವನಿಗೇ ಮೊದಲ ಕಾಯಿ! ಈ ಕಥೆ ಹೇಳುವವರೆಲ್ಲ ಕೊನೆಯ ಭಕ್ತಿಯನ್ನು ಎತ್ತಿ ಹೇಳುತ್ತಾರೆ. ನನಗೆ ಇಷ್ಟವಾಗುವುದು ಮೊದಲಿನ ದೊಣ್ಣೆ. ಕೈ ಮುಗಿಯುವ ಮುಂಚೆ ಆ ರೈತರಿಗೆ ಸಿಟ್ಟು ಮಾಡಿಕೊಳ್ಳಲು ಒಂದು ರಾತ್ರಿ ಸಿಕ್ಕಿತ್ತು. ನಿಮ್ಮತ್ತೆ ನಿಮಗೆ ಆ ರಾತ್ರಿಯನ್ನೇ ಕೊಡುತ್ತಿಲ್ಲ, ಸೀದಾ ಕೈ ಮುಗಿ ಅನ್ನುತ್ತಿದ್ದಾರೆ.

ಹಾಗಂತ ಅವರ ಮೇಲೂ ಜಾಸ್ತಿ ಕೋಪ ಬೇಡ. ಮುರಿದಿದ್ದು ಅವರ ಮಗನ ಕೈ. ಆ ಗಾದೆಯನ್ನು ನಿಮಗಿಂತ ಜಾಸ್ತಿ ತಮಗೇ ಹೇಳಿಕೊಳ್ಳುತ್ತಿರಬಹುದು.

ದೇವರಿಗೆ ಗುಂಡಿ ಯಾಕೆ ಕಾಣಲಿಲ್ಲ ಅಂತ ಕೇಳಿದ್ದೀರಿ. ನನಗೆ ಗೊತ್ತಿಲ್ಲ. ಗುಂಡಿ ಮುಚ್ಚಬೇಕಾದವರು ಮನುಷ್ಯರು, ಅವರಿಗೆ ಕಾಣಲಿಲ್ಲ ಅನ್ನುವುದಷ್ಟೇ ಗೊತ್ತು. ಆದರೆ ಸಾರಿನ ವಿಷಯ ಸ್ವಲ್ಪ ಹೇಳಬಲ್ಲೆ.

2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿತು. ಟ್ಯಾಂಕರ್‌ನವರು ಫೋನೇ ಎತ್ತುತ್ತಿರಲಿಲ್ಲ. ಕಾವೇರಿ ನೀರು ಬಂದರೆ ರಾತ್ರಿ ಒಂದೂವರೆಗೆ, ಎರಡಕ್ಕೆ. ನಾನು ದಿನಾ ನಲ್ಲಿ ಮುಂದೆ ಸ್ಟೂಲ್ ಹಾಕಿಕೊಂಡು ಎಲ್ಲರನ್ನೂ ಬೈಯುತ್ತಿದ್ದೆ, ದೇವರನ್ನೂ ಸೇರಿಸಿ. ಒಂದು ರಾತ್ರಿ ಬೈದು ಬೈದು ಸುಸ್ತಾಗಿ ಸುಮ್ನೆ ಕೂತಿದ್ದೆ. ಮೊದಲು ಪೈಪಿನಿಂದ ಬರೀ ಗಾಳಿ ಬುಸುಗುಟ್ಟಿತು. ಆಮೇಲೆ ಬೆರಳು ದಪ್ಪ ನೀರು. ಬಿಂದಿಗೆ ತುಂಬುತ್ತಾ ಬಂದ ಹಾಗೆ ಅದರ ಸದ್ದು ಬದಲಾಗುತ್ತದೆ, ಗಮನಿಸಿದ್ದೀರಲ್ಲ? ತಳದಲ್ಲಿ ದೊಡ್ಡದಾಗಿ ಡಬಡಬ, ಕಂಠಕ್ಕೆ ಬರುವಾಗ ಸಣ್ಣಗೆ. ಆ ಸದ್ದು ಕೇಳುತ್ತಾ ಒಂದು ಹೊಳೆಯಿತು. ಈ ನೀರು ಸುಮಾರು 100 ಕಿ.ಮೀ. ದೂರದಿಂದ, ಎತ್ತರಕ್ಕೆ ಪಂಪ್ ಮಾಡಿ ತಂದಿದ್ದು. ಅಂದರೆ ಈ ಹೊತ್ತಿನಲ್ಲಿ ಅಲ್ಲಿ ಪಂಪಿನ ಹತ್ತಿರ ಯಾರೋ ಎದ್ದಿದ್ದಾರೆ. ನಮ್ಮ ಮೂಲೆಯಲ್ಲಿ ವಾಲ್ವ್ ತಿರುಗಿಸುವವನೂ ಎದ್ದಿದ್ದಾನೆ. ಯಾರದೋ ನಿದ್ದೆ ಕೆಟ್ಟು ನನ್ನ ಬಿಂದಿಗೆ ತುಂಬುತ್ತಿದೆ. ಮಾರನೇ ದಿನ ಮತ್ತೆ ಬೈದೆ ಅನ್ನಿ. ಆದರೆ ವಾಲ್ವ್ ತಿರುಗಿಸುವವನನ್ನು ಬೈಯುವುದು ಬಿಟ್ಟೆ.

ನಮ್ಮಜ್ಜಿ ನಿಮ್ಮತ್ತೆಯ ಗಾದೆಗೆ ಒಂದು ಬಾಲ ಸೇರಿಸುತ್ತಿದ್ದಳು. "ದೇವರು ಹುಲ್ಲು ಮೇಯಿಸೋದಿಲ್ಲ ಸರಿ, ಅನ್ನ ಬೇಯಿಸೋಕೆ ಯಾರಾದ್ರೂ ಬೆಳಗ್ಗೆ ಏಳಬೇಕಲ್ಲ" ಅಂತ. ದೇವರು ಕಳಿಸಿದ ಸಾರಿಗೆ ಒಗ್ಗರಣೆ ಹಾಕಿದ್ದು ಮೇಲಿನ ಮನೆ ಆಂಟಿ. ಈಗ ನಿಮಗೆ ದೇವರ ಜೊತೆ ಮಾತಿಲ್ಲ, ಪರವಾಗಿಲ್ಲ. ಆಂಟಿ ಜೊತೆ ಮಾತು ಬಿಡಬೇಡಿ.

ಇನ್ನೊಂದು ಮಾತು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಕೊಟ್ಟಿದ್ದಕ್ಕೆ ಕೈ ಮುಗಿ ಅಂದರೆ, ಬರಬೇಕಾದ್ದನ್ನು ಕೇಳಬೇಡ ಅಂತ ಅರ್ಥವಲ್ಲ. ನಿಮ್ಮ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆಗೆ ಹಣ ಹಿಡಿಯುತ್ತಿರಬೇಕು, ಸ್ಲಿಪ್ ನೋಡಿ. 100 ರೂಪಾಯಿಗೆ ನಿಮ್ಮಿಂದ 75 ಪೈಸೆ, ಕಂಪನಿಯಿಂದ 3 ರೂಪಾಯಿ 25 ಪೈಸೆ. ಆ ಕಾರ್ಡಿನಲ್ಲಿ ಗಂಡನಿಗೂ ಚಿಕಿತ್ಸೆ ಸಿಗುತ್ತದೆ. ಅವರ ಹೆಸರು ಸೇರಿದೆಯಾ? ಇಲ್ಲದಿದ್ದರೆ ನಾಳೆಯೇ ಎಚ್‌ಆರ್‌ನವರನ್ನು ಕೇಳಿ ಸೇರಿಸಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿಮಗೆ ದೂರವೇನಲ್ಲ, ಕೈಗೆ ಫಿಸಿಯೋಥೆರಪಿ ಬಗ್ಗೆ ಅಲ್ಲೇ ವಿಚಾರಿಸಿ. ಕಂತು ತಪ್ಪುವ ಮುಂಚೆ ಸಾಲ ಕೊಟ್ಟವರ ಹತ್ತಿರ ನೀವೇ ಹೋಗಿ. ಆಸ್ಪತ್ರೆ ಚೀಟಿ ತೋರಿಸಿ, ಅವಧಿ ಮುಂದೆ ಹಾಕಿ ಅಂತ ಬರವಣಿಗೆಯಲ್ಲಿ ಕೊಡಿ. ಒಪ್ಪುತ್ತಾರೋ ಇಲ್ಲವೋ, ಕೇಳಿದ್ದಕ್ಕೆ ದಾಖಲೆ ಇರಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಬಹುಶಃ ನಿಮ್ಮತ್ತೆ ಖಾತೆಗೆ ಬರುತ್ತಿರಬಹುದು. ಅದು ಎಲ್ಲಿಗೆ ಹೋಗುತ್ತದೆ ಅಂತ ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ.

ದೀಪ ಹಚ್ಚುವುದು ನಿಮಗೆ ಬಿಟ್ಟಿದ್ದು. ಹಚ್ಚಿದರೆ, ಅದರ ಮುಂದೆ ನಿಂತು ಗುಂಡಿಯ ವಿಷಯವನ್ನೂ ಕೇಳಿ. ಮನೆಯವರ ಹತ್ತಿರ ಜಗಳ ಆಡುವ ಹಾಗೆ ಆಡಿ. ಮನಸ್ಸಿಲ್ಲದಿದ್ದರೆ ಇನ್ನೊಂದು ವಾರ ಬಿಡಿ, ಅತ್ತೆ ಹಚ್ಚುತ್ತಾರೆ.

ಆದರೆ ಡಬ್ಬಿ ಈ ಸಲ ಮಗಳ ಕೈಲಿ ಕಳಿಸಬೇಡಿ. ಕೊಟ್ಟ ಪಾತ್ರೆಯನ್ನು ಖಾಲಿ ಕೊಡಬಾರದು ಅಂತ ನಮ್ಮಲ್ಲಿ ಇದೆಯಲ್ಲ, ನಿಮಗೆ ಮುಜುಗರ ಆಗುತ್ತಿರುವುದು ಅಲ್ಲೇ ಅನಿಸುತ್ತದೆ. ತುಂಬಿಸಿಯೇ ಕೊಡಬೇಕು ಅಂತ ಯಾರೂ ಹೇಳಿಲ್ಲ. ಒಂದು ಚಮಚ ಸಕ್ಕರೆ ಸಾಕು. ಆಂಟಿಗೆ ರವಿಕೆ ಹೊಲಿಗೆ ಬಿಚ್ಚಿದ್ದು, ಫಾಲ್ಸ್ ಹಾಕಬೇಕಾದ ಸೀರೆ ಏನಾದರೂ ಇದೆಯಾ ಅಂತ ಕೇಳಿ. ನೀವು ದಿನವಿಡೀ ಮಿಷನ್ ಮೇಲೆ ಕೂರುವವರು, ನಿಮಗೆ ಅರ್ಧ ಗಂಟೆ ಕೆಲಸ. ಭಾನುವಾರ ಸಂಜೆ ಹೋಗಿ. ಕೂರು ಅಂದರೆ ಕೂರಿ, ಕಾಫಿ ಕೊಟ್ಟರೆ ಬೇಡ ಅನ್ನಬೇಡಿ.