352 ಅಂಕ, ಬಿಡಿಎಸ್ ಸಾಕು: ನೀಟ್ ಮತ್ತೆ ಬರೆಯಲೇ?

ವೈದ್ಯಕೀಯ, ದಂತವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ 352 ಬಂದಿದೆ, ಬಿಡಿಎಸ್ (ದಂತವೈದ್ಯಕೀಯ ಪದವಿ) ಸೀಟು ಸಿಕ್ಕರೆ ಸಾಕು, ಮತ್ತೆ ಬರೆಯಲೇ ಎಂದು ಕೇಳಿದ್ದೀರಿ. ನಿಮ್ಮ ಅಂಕ ಇಳಿಸಿದ್ದು ಭೌತಶಾಸ್ತ್ರದ ಊಹೆ. ಜೀವಶಾಸ್ತ್ರ 230, ರಸಾಯನಶಾಸ್ತ್ರ 84 ಇವೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ; ಹಾಗಾಗಿ ಭೌತಶಾಸ್ತ್ರದಲ್ಲಿ 42 ಪ್ರಶ್ನೆ ಮುಟ್ಟಿ 38 ಬಂದಿದೆ ಅಂದರೆ 16 ಸರಿ, 26 ತಪ್ಪು. ಆ 26ನ್ನು ಹಾಗೇ ಬಿಟ್ಟಿದ್ದರೆ 64 ಆಗುತ್ತಿತ್ತು.

ಆದರೂ ತೀರ್ಮಾನ ಈಗಲೇ ಬೇಡ. ಸೀಟು ಸಿಗುವುದು ರ‍್ಯಾಂಕಿಗೆ, ಅಂಕಕ್ಕಲ್ಲ. ಪತ್ರಿಕೆ ಕಷ್ಟವಾದ ವರ್ಷ ಇದೇ 352ಕ್ಕೆ ಚೆನ್ನಾದ ರ‍್ಯಾಂಕ್ ಬರುತ್ತದೆ. ರಾಜ್ಯದಲ್ಲಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಜಾಲತಾಣದಲ್ಲಿ ಹೋದ ವರ್ಷದ ದಂತವೈದ್ಯಕೀಯ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್‌ಗಳ ಪಟ್ಟಿ, ತೆಗೆಯಿರಿ. ನಿಮ್ಮ ವರ್ಗದ ಸಾಲಿನಲ್ಲಿ ಕೊನೆಯ ಸುತ್ತಿನ ರ‍್ಯಾಂಕ್ ನೋಡಿ, ಮೊದಲ ಸುತ್ತಿನದಲ್ಲ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಇದ್ದರೆ ಆ ಸಾಲು ಬೇರೆಯೇ ಇರುತ್ತದೆ. ನಿಮ್ಮ ರ‍್ಯಾಂಕ್ ಅದರ ಆಸುಪಾಸಿನಲ್ಲಿದ್ದರೆ ಕೌನ್ಸೆಲಿಂಗ್ (ಸೀಟು ಹಂಚಿಕೆ) ಬಿಡಲೇಬೇಡಿ. ಖಾಸಗಿ ಕಾಲೇಜುಗಳ ಸರ್ಕಾರಿ ಕೋಟಾ ಸೀಟುಗಳನ್ನೂ ಆಯ್ಕೆಪಟ್ಟಿಯಲ್ಲಿ ತುಂಬಿ. ಕಟಾಫ್ ಪ್ರತಿ ವರ್ಷ ಸರಿಯುತ್ತದೆ, ಹಾಗಾಗಿ ಇದು ಅಂದಾಜಷ್ಟೇ.

ತುಂಬಾ ದೂರ ಇದ್ದರೆ ಮಾತ್ರ ಮರುಪರೀಕ್ಷೆಯ ಮಾತು. ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ: ಹಳೆಯ ನೀಟ್‌ನ 45 ಭೌತಶಾಸ್ತ್ರದ ಪ್ರಶ್ನೆಗಳನ್ನು ಗಡಿಯಾರ ಇಟ್ಟು ಒಂದು ಗಂಟೆಯಲ್ಲಿ, ಖಚಿತವಿದ್ದದ್ದನ್ನಷ್ಟೇ ಗುರುತಿಸಿ ಬಿಡಿಸಿ. ಆಮೇಲೆ ಆರು ವಾರ ವಿದ್ಯುತ್ ಪ್ರವಾಹ, ಅರೆವಾಹಕ, ಆಧುನಿಕ ಭೌತಶಾಸ್ತ್ರ ಓದಿ, ಇನ್ನೊಂದು ವರ್ಷದ ಪತ್ರಿಕೆ ಬಿಡಿಸಿ. 80 ದಾಟಿದರೆ ಧೈರ್ಯವಾಗಿ ಬರೆಯಿರಿ. 50ರ ಹತ್ತಿರವೇ ನಿಂತರೆ ನನ್ನ ಮಟ್ಟಿಗೆ ಇನ್ನೊಂದು ವರ್ಷ ಕೊಡುವುದು ದುಬಾರಿ, ಏಕೆಂದರೆ ಈಗಿನ ಅಂಕ ಮುಂದಿನ ವರ್ಷಕ್ಕೆ ನಡೆಯುವುದಿಲ್ಲ.

ಸೀಟು ತಗೊಂಡು ಆಮೇಲೆ ಬಿಡುವ ಯೋಚನೆ ಇದ್ದರೆ, ಶುಲ್ಕ ಕಟ್ಟುವ ಮೊದಲೇ ಕೆಇಎ ಮಾಹಿತಿ ಪುಸ್ತಕದಲ್ಲಿ ಸೀಟು ರದ್ದತಿಯ ದಂಡದ ನಿಯಮ ಓದಿ.