ಮಂಗಳೂರಿನಲ್ಲಿ ಮಣ್ಣು, ಸುಣ್ಣದ ಕಟ್ಟಡಗಳನ್ನೇ ನಂಬಿ ಆರ್ಕಿಟೆಕ್ಟ್ ಒಬ್ಬರು ಬದುಕಬಹುದೇ?

ಆರ್ಕಿಟೆಕ್ಚರ್ ನಾಲ್ಕನೆಯ ವರ್ಷದಲ್ಲಿದ್ದೀರಿ, ಮನೆಯವರಿಗೆ ನಿಮ್ಮ ಹೊಟ್ಟೆಪಾಡಿನ ಚಿಂತೆ ಎಂದು ಬರೆದಿದ್ದೀರಿ. ಬದುಕಬಹುದು. ಆದರೆ ಸಂಪಾದನೆ ಬರುವುದು ಹೊಸ ಮಣ್ಣಿನ ಮನೆಗಳಿಂದಲ್ಲ, ಹಳೆಯ ಹಂಚಿನ ಮನೆಗಳ ದುರಸ್ತಿಯಿಂದ. ಉಡುಪಿ, ಮಂಗಳೂರುಗಳ ನಡುವೆ ಇದೇ ಕೆಲಸ ಮಾಡಿಕೊಂಡಿರುವವನ ಮಾತಿದು.

ಮಣ್ಣಿನ ಮನೆಯೇ ಬೇಕೆಂದು ಬರುವವರು ಕಡಿಮೆ. ಬಂದವರಲ್ಲೂ ಹಲವರು ಅಗ್ಗವಾದೀತೆಂದು ಬರುತ್ತಾರೆ. ಆಗುವುದಿಲ್ಲ, ಸಾಮಗ್ರಿಯಲ್ಲಿ ಉಳಿದದ್ದು ಕೂಲಿಗೆ ಹೋಗುತ್ತದೆ. ಆದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯಲ್ಲಿ ಎದ್ದ, ಹಂಚು ಹೊದಿಸಿದ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮನೆಗಳಿಗೆ ಲೆಕ್ಕವಿಲ್ಲ. ಅವುಗಳ ರೋಗ ಗುರುತಿಸಬಲ್ಲವರು ಮಾತ್ರ ವಿರಳ.

ಇಂಥ ಮನೆಗೆ ಹೋದಾಗ ನಾನು ಮೊದಲು ನೋಡುವುದು ಗೋಡೆಯ ಬುಡವನ್ನು. ಮುರಕಲ್ಲು ತಳದಿಂದ ನೀರು ಹೀರುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಸುಣ್ಣದ ಸಾರಣೆ ಅದಕ್ಕೆ ಅಡ್ಡಿಪಡಿಸುವುದಿಲ್ಲ. ಗಟ್ಟಿಯಾಗಲೆಂದು ಯಾರೋ ಸಿಮೆಂಟ್ ಬಳಿಸಿರುತ್ತಾರೆ; ಹೊರಹೋಗಲಾಗದ ತೇವ ಮೇಲಕ್ಕೇರುತ್ತದೆ, ಒಳಗಡೆ ಬಿಳಿ ಉಪ್ಪು ಕಟ್ಟುತ್ತದೆ, ಒದ್ದೆ ಗೋಡೆಗೆ ತಾಗಿದ ಮಾಡಿನ ಮರದ ಪಕ್ಕಾಸಿಗೆ ಗೆದ್ದಲು ಹಿಡಿಯುತ್ತದೆ. ಮನೆಯವರು ದೂರುವುದು ಮಾತ್ರ ಹಂಚನ್ನು! ಸಿಮೆಂಟ್ ಕೆತ್ತಿಸಿ, ಸುಣ್ಣ ಹಚ್ಚಿಸಿ, ಒಂದು ಬೇಸಗೆ ಒಣಗಲು ಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಈ ತಿಳಿವಳಿಕೆಯನ್ನು ನನಗೆ ಕೊಟ್ಟದ್ದು ಕಾಲೇಜಲ್ಲ, ಹಳೆಯ ಮೇಸ್ತ್ರಿಗಳು.

ಪುದುಚೇರಿ ಬಳಿಯ ಆರೋವಿಲ್‌ನ ಅರ್ತ್ ಇನ್‌ಸ್ಟಿಟ್ಯೂಟ್‌ನಲ್ಲಿ ತರಬೇತಿ ಪಡೆಯುವ ಯೋಚನೆ ಒಳ್ಳೆಯದೇ. ಸುಮಾರು 5 ಶೇಕಡಾ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ ಮಣ್ಣಿನ ಇಟ್ಟಿಗೆಯನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ಆದರೆ ಅಲ್ಲಿನ ಮಳೆ ಬೇರೆ, ನಮ್ಮದು ಬೇರೆ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಗಾಳಿಗೆ ಓರೆಯಾಗಿ. ಅಲ್ಲಿ ಕಂಡ ಬೋಳು ಮಣ್ಣಿನ ಗೋಡೆಯ ಚಂದಕ್ಕೆ ಮರುಳಾಗಿ ಇಲ್ಲಿ ಸೂರನ್ನು ಗಿಡ್ಡ ಮಾಡಬೇಡಿ. ಆ ತರಬೇತಿಗೂ ಮೊದಲು ಮಣಿಪಾಲದ ಹಸ್ತಶಿಲ್ಪ ಎಂಬ ಹಳೆಯ ಮನೆಗಳ ಪಾರಂಪರಿಕ ಗ್ರಾಮಕ್ಕೆ ಹೋಗಿ, ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮರುಜೋಡಿಸಿದ ಮನೆಗಳ ಮಾಡು ಎಷ್ಟು ಕೆಳಗಿಳಿದಿದೆ, ಜಗಲಿ ಎಷ್ಟು ಎತ್ತರದಲ್ಲಿದೆ ನೋಡಿ.

ಹಣದ ಮಾತು. ಕಟ್ಟಡದ ವೆಚ್ಚದ ಇಂತಿಷ್ಟು ಶೇಕಡಾ ಎಂದು ಶುಲ್ಕ ಹೇಳಿದರೆ ನೀವು ಮುಳುಗುತ್ತೀರಿ. ದುರಸ್ತಿಯಲ್ಲಿ ವೆಚ್ಚ ಚಿಕ್ಕದು, ಓಡಾಟ ದೊಡ್ಡದು. ಹಂಚು ಇಳಿಸಿದ ಮೇಲಷ್ಟೇ ನಿಜ ಸ್ಥಿತಿ ತಿಳಿಯುತ್ತದೆ. ಪರಿಶೀಲನೆಗೆ ಪ್ರತ್ಯೇಕ, ಭೇಟಿಗೆ ಪ್ರತ್ಯೇಕ ಎಂದು ಮೊದಲೇ ಬರೆದುಕೊಳ್ಳಿ. ನೆಂಟರ ಮನೆಯಾದರೂ ಸರಿ.

ಪದವಿ ಮುಗಿದೊಡನೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಳ್ಳಿ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಅದಿಲ್ಲದೆ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವಂತಿಲ್ಲ. ಕಾಂಕ್ರೀಟನ್ನು ಪೂರ್ತಿ ಬಿಡುವ ಶಪಥವೂ ಬೇಡ. ಮಳೆಗಾಲದಲ್ಲಿ ನಮ್ಮ ಮಣ್ಣು, ಸುಣ್ಣದ ಕೆಲಸ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ನನ್ನ ಕಚೇರಿಯ ಬಾಡಿಗೆ ಹುಟ್ಟುವುದು ಕಾಂಕ್ರೀಟ್ ಮನೆಗಳ ನಕ್ಷೆಗಳಿಂದಲೇ.